ನೈಟ್ ಶಿಫ್ಟಿನವನ ಧ್ಯಾನಕೂಟ

ನಮ್ಮ ಕರಾವಳಿಯ ಕ್ರೈಸ್ತ ಧ್ಯಾನಕೂಟಗಳಲ್ಲಿ ಈಚೆಗೆ ಆರೋಗ್ಯದ ಮೇಲೊಂದು ಪ್ರವಚನ ತಪ್ಪುವುದಿಲ್ಲ. ಬೋರ್ಡಿನ ಮೇಲೆ ತ್ರಿಕೋನ ಬಿಡಿಸುತ್ತಾರೆ. ಕೆಳಗಿನ ಎರಡು ಮೂಲೆಗಳಲ್ಲಿ ದೇಹ ಮತ್ತು ಮನಸ್ಸು, ತುದಿಯಲ್ಲಿ ಆತ್ಮ. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಕೊನೆಯ ಹಾರೈಕೆಯಲ್ಲಿ ಈ ಮೂರೂ ಒಟ್ಟಿಗೆ ಬರುವುದರಿಂದ ಚಿತ್ರಕ್ಕೆ ಬೈಬಲಿನ ಆಧಾರವೂ ಸಿಗುತ್ತದೆ. ಆಮೇಲೆ ಉಪದೇಶ: ದಿನಾ ನಡೆಯಿರಿ, ಮಿತವಾಗಿ ತಿನ್ನಿ, ಹಗೆ ಬಿಡಿ, ಹೊತ್ತಿಗೆ ಸರಿಯಾಗಿ ಮಲಗಿ, ಬೆಳಿಗ್ಗೆ ಬೇಗ ಎದ್ದು ಪ್ರಾರ್ಥಿಸಿ. ಮಾತು ಮಾತಾಗಿ ನೋಡಿದರೆ ಯಾವುದನ್ನೂ ತಳ್ಳಿಹಾಕುವಂತಿಲ್ಲ. ಆದರೆ ಇದನ್ನು ಮಂಗಳೂರಿನ ಕೈಗಾರಿಕಾ ಪ್ರದೇಶವಾದ ಬೈಕಂಪಾಡಿಯಲ್ಲಿ ಕುಳಿತು ಕೇಳುವವನಿಗೆ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಹೊತ್ತಿಗೆ ಸರಿಯಾಗಿ ಮಲಗುವುದು ಯಾರ ಕೈಯಲ್ಲಿದೆ?

ರಾತ್ರಿ ಹತ್ತರ ಹೊತ್ತಿಗೆ ಇಲ್ಲಿನ ಹೆದ್ದಾರಿ ಬದಿಯಲ್ಲಿ ನಿಂತರೆ ಉತ್ತರ ಕಾಣುತ್ತದೆ. ಕೈಗಾರಿಕಾ ಪ್ರದೇಶದ ಒಳರಸ್ತೆಗಳಿಂದ ಬೈಕುಗಳು ಹೊರಗೆ ಬರುತ್ತವೆ, ಅಷ್ಟೇ ಬೈಕುಗಳು ಒಳಗೆ ಹೋಗುತ್ತವೆ. ಹ್ಯಾಂಡಲಿಗೆ ಊಟದ ಚೀಲ, ಟ್ಯಾಂಕಿನ ಮೇಲೆ ಮಡಚಿಟ್ಟ ರೇನ್‌ಕೋಟು. ಪಕ್ಕದಲ್ಲಿ ಗ್ಯಾಸಿನ ಬುಲೆಟ್ ಟ್ಯಾಂಕರುಗಳ ಸಾಲು, ಅವುಗಳ ಕ್ಯಾಬಿನ್ನಿನಲ್ಲಿ ಮುದುಡಿ ಮಲಗಿದ ಡ್ರೈವರುಗಳು. ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಅದರ ಬೆನ್ನಿಗೇ ಎಂಸಿಎಫ್ ಗೊಬ್ಬರದ ಕಾರ್ಖಾನೆ, ಮುಂದೆ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ. ಬಂದರಿಗೆ ಜಾಗ ಬಿಟ್ಟುಕೊಟ್ಟ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರದ ಕಡೆಗೆ ಹೋದವು. ಗದ್ದೆಯನ್ನೂ ಕಡಲನ್ನೂ ನೋಡಿ ಏಳುತ್ತಿದ್ದ, ಮಲಗುತ್ತಿದ್ದ ಊರು ಒಂದೇ ತಲೆಮಾರಿನಲ್ಲಿ ಸೈರನ್ನಿಗೆ ಏಳುವುದನ್ನು ಕಲಿಯಿತು. ರಾತ್ರಿ ಪಾಳಿಯ ಕೆಲಸ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲೇ ವರ್ಗೀಕರಿಸಿದೆ, 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ತ್ರಿಕೋನದಲ್ಲಿ ಈ ಪಾಳಿಗೆ ಮೂಲೆ ಇಲ್ಲ.

ಹಾಗೆಂದು ಧ್ಯಾನಕೂಟವನ್ನು ಹಗುರವಾಗಿ ಕಾಣುವವನು ನಾನಲ್ಲ. ಕೇರಳದ ಪೋಟ್ಟದಲ್ಲಿ ವಿನ್ಸೆಂಟಿಯನ್ ಪಾದ್ರಿಗಳು ಶುರುಮಾಡಿ, ಆಮೇಲೆ ಮುರಿಂಗೂರಿನಲ್ಲಿ ದೊಡ್ಡದಾಗಿ ಬೆಳೆಸಿದ ಕೇಂದ್ರಕ್ಕೆ ನಮ್ಮ ಕಡೆಯವರು ರೈಲು ಹತ್ತಿ ಹೋದದ್ದು ಸುಮ್ಮನೆ ಅಲ್ಲ. ಅಲ್ಲಿ ಡಿವೈನ್ ನಗರ್ ಎಂಬ ರೈಲ್ವೆ ನಿಲ್ದಾಣವೇ ಇದೆ. ಅಷ್ಟು ದೂರ ಆಗದವರಿಗೆ ಬೈಕಂಪಾಡಿಯಿಂದ ಬಸ್ಸು ಹತ್ತಿದರೆ ಮೂಲ್ಕಿಯ ಡಿವೈನ್ ಕಾಲ್ ಸೆಂಟರ್ ಇದೆ. ಕೆಲವು ದಿನ ಮೊಬೈಲ್ ಇಲ್ಲ, ಕುಡಿತ ಇಲ್ಲ, ಹೊತ್ತಿಗೆ ಸರಿಯಾಗಿ ಊಟ. ಪಾಪನಿವೇದನೆಯಲ್ಲೋ ಕೌನ್ಸೆಲಿಂಗಿನಲ್ಲೋ ಒಬ್ಬರು ಎದುರು ಕುಳಿತು ಅಡ್ಡಮಾತಾಡದೆ ಕೇಳುತ್ತಾರೆ. ಹಲವರ ಬಾಳಿನಲ್ಲಿ ಹಾಗೆ ಕೇಳಿಸಿಕೊಂಡವರು ಅವರೊಬ್ಬರೇ. ಅಣ್ಣತಮ್ಮಂದಿರ ಆಸ್ತಿ ಜಗಳ ಅಲ್ಲಿ ಬಗೆಹರಿದದ್ದನ್ನು, ಗಂಡ ಬಾಟ್ಲಿ ಬಿಟ್ಟದ್ದನ್ನು ಹೇಳುವ ಮನೆಗಳು ನಮ್ಮ ವಾಡೆಗಳಲ್ಲಿ ಬೇಕಾದಷ್ಟಿವೆ. ಅದು ಸುಳ್ಳಲ್ಲ.

ಆದರೆ ಅದೇ ಕೂಟದಲ್ಲಿ ಇನ್ನೊಂದು ದೃಶ್ಯವೂ ಕಾಣುತ್ತದೆ. ಮಧ್ಯಾಹ್ನದ ಆರಾಧನೆಯಲ್ಲಿ ಹಿಂದಿನ ಸಾಲಿನ ಗಂಡಸು ತೂಕಡಿಸುತ್ತಾನೆ. ಕೈಯಲ್ಲಿ ಜಪಸರ, ಗಲ್ಲ ಎದೆಗೆ ತಾಗಿದೆ. ಸ್ವಯಂಸೇವಕ ಬಂದು ಭುಜ ಮುಟ್ಟಿ ಎಬ್ಬಿಸುತ್ತಾನೆ. ನಾನು ವಿಮರ್ಶೆ ಬರೆಯಬೇಕೆಂದುಕೊಂಡದ್ದು ಆ ಮುಟ್ಟುವಿಕೆಯ ಮೇಲೆ, ಏಕೆಂದರೆ ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ರಾಣಿ ಈಜೆಬೆಲಳ ಬೆದರಿಕೆಗೆ ಓಡಿಬಂದ ಎಲೀಯ ಜಾಲಿ ಗಿಡದ ಕೆಳಗೆ ಕುಳಿತು, ಇನ್ನು ಬದುಕುವುದು ಬೇಡ ಎಂದು ದೇವರನ್ನು ಕೇಳಿಕೊಂಡು ನಿದ್ದೆಹೋಗುತ್ತಾನೆ. ದೇವದೂತ ಅವನನ್ನೂ ಮುಟ್ಟಿ ಎಬ್ಬಿಸುತ್ತಾನೆ, ಆದರೆ ಪ್ರಾರ್ಥಿಸು ಎಂದು ಹೇಳುವುದಕ್ಕಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರು ಕೊಡುವುದಕ್ಕೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಸಿಟ್ಟಾಗುವುದಿಲ್ಲ, ಎರಡನೇ ಸಲವೂ ಊಟ ಕೊಡುತ್ತಾನೆ. ದೇವರ ಜತೆಗಿನ ಮಾತುಕತೆ ನಡೆಯುವುದು ಹೋರೇಬ್ ಬೆಟ್ಟದಲ್ಲಿ, ಅದೂ 40 ಹಗಲು 40 ರಾತ್ರಿ ನಡೆದ ಮೇಲೆ. ಸಾಯಬೇಕೆನ್ನುವ ಪ್ರವಾದಿಗೆ ಅವಿಶ್ವಾಸಿ ಎಂಬ ಬೈಗುಳ ಎಲ್ಲೂ ಇಲ್ಲ. ಮಾರ್ಕನ ಸುವಾರ್ತೆಯಲ್ಲಿ ಯಾಯೀರನ ಮಗಳು ಎದ್ದು ನಿಂತಾಗಲೂ ಹಾಗೆಯೇ. ಮನೆಯವರೆಲ್ಲ ದಂಗಾಗಿ ನಿಂತಿರುವಾಗ ಯೇಸು ನೆನಪಿಸುವುದು ಹುಡುಗಿಗೆ ತಿನ್ನಲು ಏನಾದರೂ ಕೊಡಬೇಕೆಂಬುದನ್ನು. ಆತ್ಮವನ್ನು ತುದಿಯಲ್ಲಿಟ್ಟು ದೇಹವನ್ನು ಬುಡದಲ್ಲಿಡುವ ಚಿತ್ರ ಈ ಎರಡು ಕತೆಗಳಿಗೆ ಹೊಂದುವುದಿಲ್ಲ.

ಮಂಗಳೂರಿನ ಕ್ರೈಸ್ತರ ಹಳೆಯ ಅನುಭವಕ್ಕೂ ಅದು ಹೊಂದುವುದಿಲ್ಲ. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜರ್ಮನಿಯ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪತಿ ಮಾತ್ರೆ ಕೊಡಲು ಕೂತರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ ಅದು. ಹೋಮಿಯೋಪತಿಯ ಪರಿಣಾಮದ ಬಗ್ಗೆ ನನಗೆ ಅನುಮಾನಗಳಿವೆ, ಆ ಚರ್ಚೆ ಇಲ್ಲಿ ಬೇಡ. ಹಳ್ಳಿಯವರು ದೂರ ಓಡಿಸಿದ ಮೈಯನ್ನು ಒಬ್ಬ ಪಾದ್ರಿ ಮುಟ್ಟಿದರೆಂಬುದು ಮುಖ್ಯ. ಪ್ರೊಟೆಸ್ಟೆಂಟರ ಕಡೆಗೆ ಬಂದರೆ, 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರಿಗೆ ಬೇಗನೆ ತಿಳಿದ ವಿಷಯವೊಂದಿತ್ತು. ಜಾತಿಯಿಂದ ಹೊರಬಿದ್ದವನಿಗೆ ದೀಕ್ಷಾಸ್ನಾನ ಕೊಟ್ಟರೆ ಸಾಲದು, ಕೂಲಿಯೂ ಬೇಕು. ನೇಯ್ಗೆ, ಮುದ್ರಣಾಲಯ, 1865ರಲ್ಲಿ ಮಿಶನ್ನಿನ ಪ್ಲೆಬ್‌ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆ ಬಂದದ್ದು ಆ ತಿಳಿವಳಿಕೆಯಿಂದ. ಅವರ ಶಿಸ್ತು ಬಿಗಿಯಾಗಿತ್ತು, ಯಜಮಾನಿಕೆಯೂ ಇತ್ತು. ಆದರೂ ಆರೋಗ್ಯದ ಮಾತನ್ನು ಸಂಬಳದ ಮಾತಿನಿಂದ ಬೇರೆ ಮಾಡಿ ನೋಡಿದವರಲ್ಲ.

ಹೊರಗಿನ ಚರ್ಚೂ ಇದೇ ಕಡೆಗೆ ಸರಿದಿತ್ತು. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ 1964ರಲ್ಲಿ ಸೇರಿದ ಸಮಾಲೋಚನೆ, ಗುಣಪಡಿಸುವ ಕೆಲಸ ಆಸ್ಪತ್ರೆಗೆ ಮಾತ್ರ ಸೇರಿದ್ದಲ್ಲ, ಇಡೀ ಸಭೆಗೆ ಸೇರಿದ್ದು ಎಂಬ ನಿಲುವಿಗೆ ಬಂತು. ಅದರ ಬೆನ್ನಿಗೆ 1968ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ಮೆಡಿಕಲ್ ಕಮಿಷನ್ನಿನ ಚಿಂತನೆ ಪ್ರಾಥಮಿಕ ಆರೋಗ್ಯಸೇವೆಯ ಕುರಿತ 1978ರ ಆಲ್ಮಾ ಆಟಾ ಘೋಷಣೆಗೂ ದಾರಿ ಮಾಡಿತು. ಇಷ್ಟು ದೊಡ್ಡ ಪರಂಪರೆ ಇರುವವರು ಆರೋಗ್ಯದ ಹೊಣೆಯನ್ನೆಲ್ಲ ಒಬ್ಬೊಬ್ಬನ ತಲೆಯ ಮೇಲೆ ಹೊರಿಸಿ ಬೋರ್ಡು ಒರಸಿಬಿಡುವುದು ಬೇಸರದ ಸಂಗತಿ.

ಇನ್ನು ಮನಸ್ಸಿನ ಮೂಲೆ. ಧ್ಯಾನಕೂಟಗಳು ಹೆಚ್ಚು ಎಡವುವುದು ಇಲ್ಲಿ. ಸಾಕ್ಷಿ ಹೇಳಲು ಮೈಕಿನ ಮುಂದೆ ಬರುವವರು ಗುಣವಾದವರು ಮಾತ್ರ, ಗುಣವಾಗದವರು ಮನೆಯಲ್ಲಿರುತ್ತಾರೆ. ಹೀಗಾಗಿ ಕೇಳುವವರಿಗೆ ವಿಶ್ವಾಸ ಇದ್ದವರೆಲ್ಲ ಗುಣವಾದರು, ಗುಣವಾಗದವರಿಗೆ ವಿಶ್ವಾಸ ಸಾಲದು ಎಂಬ ಲೆಕ್ಕ ತಾನಾಗಿ ಮೂಡುತ್ತದೆ. ಹುಟ್ಟುಕುರುಡನನ್ನು ತೋರಿಸಿ ಪಾಪ ಯಾರದೆಂದು ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕವನ್ನೇ ತಳ್ಳಿಹಾಕಿದ. ಪೌಲನ ಮೈಯ ಮುಳ್ಳು ಮೂರು ಸಲ ಬೇಡಿದರೂ ಹೋಗಲಿಲ್ಲ. ಈ ಎರಡು ಪ್ರಸಂಗಗಳು ವೇದಿಕೆಯ ಮೇಲೆ ಅಪರೂಪಕ್ಕೆ ಕೇಳಿಬರುತ್ತವೆ. ಖಿನ್ನತೆಯನ್ನು ದುಷ್ಟಾತ್ಮದ ಕಾಟವೆಂದು ಕರೆದು, ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿದ್ದನ್ನು ವಿಶ್ವಾಸದ ಗುರುತಾಗಿ ಸಾರುವ ಬಾಡಿಗೆ ಹಾಲಿನ ಕೂಟಗಳೂ ಉಂಟು. ಅಲ್ಲಿಗೆ ಹೋಗುವವರಲ್ಲಿ ಕಥೊಲಿಕರೂ ಇದ್ದಾರೆ, ಬೇರೆ ಸಭೆಯವರೂ ಇದ್ದಾರೆ. ಅದು ಅಪಾಯ. ಅದಕ್ಕೆ ಬೇರೆ ಹೆಸರು ಬೇಡ.

ಅಚ್ಚರಿಯೆಂದರೆ ಕಥೊಲಿಕ ಚರ್ಚಿನ ಕಾಗದಗಳು ಅದರ ಜನರಿಗಿಂತ ಮುಂದಿವೆ. ಗುಣಪ್ರಾರ್ಥನೆಯ ಕುರಿತು ವ್ಯಾಟಿಕನ್ 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸೂಚನೆ ಉನ್ಮಾದ, ನಾಟಕೀಯತೆ, ರೋಚಕತೆಗಳಿಗೆ ಎಡೆಗೊಡಬಾರದೆಂದು ಹೇಳುತ್ತದೆ. ಪ್ರಾರ್ಥನೆ ಮಾಡುವವನು ಔಷಧ ಬಿಡಬೇಕಿಲ್ಲ ಎನ್ನುತ್ತದೆ. ಸಾಯುವ ಗಳಿಗೆಗೆಂದು ಮೀಸಲಾಗಿದ್ದ ಅಭ್ಯಂಜನ ಸಂಸ್ಕಾರವನ್ನು ಎರಡನೇ ವ್ಯಾಟಿಕನ್ ಸಭೆಯ ನಂತರ, 1972ರಲ್ಲಿ, ಗಂಭೀರ ಕಾಯಿಲೆಯವರಿಗೂ ವೃದ್ಧರಿಗೂ ತೆರೆದಿಟ್ಟರು. ಆದರೂ ನಮ್ಮ ಮನೆಗಳಲ್ಲಿ ಪಾದ್ರಿಯನ್ನು ಕರೆದರೆ ಕಾಯಿಲೆಯವರೇ ಹೆದರುತ್ತಾರೆ. ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯಸಂಸ್ಕಾರ ನಿರಾಕರಿಸುತ್ತಿದ್ದ ನಿಯಮವನ್ನು 1983ರ ಚರ್ಚ್ ಕಾನೂನು ಕೈಬಿಟ್ಟಿತು; 1992ರ ಧರ್ಮೋಪದೇಶ ಗ್ರಂಥ, ತೀವ್ರ ಮಾನಸಿಕ ತೊಂದರೆ ಅಂಥವರ ಹೊಣೆಯನ್ನು ಕಡಿಮೆ ಮಾಡುತ್ತದೆಂದು ಒಪ್ಪಿಕೊಂಡಿತು. ಅಂಗಳದಲ್ಲಿ ಕುರ್ಚಿ ಹಾಕಿ ಕೂತವರ ಪಿಸುಮಾತು ಮಾತ್ರ ಇನ್ನೂ ಹಳೆಯ ಕಾನೂನಿನಲ್ಲೇ ಇದೆ.

ಭಾನುವಾರದ ವಿಚಾರ ಹೇಳದೆ ಈ ವಿಮರ್ಶೆ ಮುಗಿಯುವುದಿಲ್ಲ. ಏಳನೇ ದಿನದ ವಿಶ್ರಾಂತಿ ಹತ್ತು ಆಜ್ಞೆಗಳಲ್ಲೊಂದು, ಅದರಲ್ಲಿ ಆಳುಗಳ, ಎತ್ತುಗಳ ಹೆಸರೂ ಇದೆ. ಆದರೆ ಮುಂಬಯಿಯ ಗಿರಣಿ ಕಾರ್ಮಿಕರಿಗೆ 1890ರಲ್ಲಿ ಭಾನುವಾರದ ರಜೆ ಗಿಟ್ಟಿಸಿಕೊಟ್ಟವರು ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ, ಬಿಷಪರಲ್ಲ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೊಂದು ರಜೆಯನ್ನು ಕಡ್ಡಾಯ ಮಾಡಿತು. ಬೈಕಂಪಾಡಿಯಲ್ಲಿ ಕಾಂಟ್ರಾಕ್ಟ್ ಕೆಲಸಗಾರ ಆ ದಿನವೂ ಓಟಿ ಮಾಡುತ್ತಾನೆಂದರೆ ಅದು ಅವನ ಆಸೆಬುರುಕತನವಲ್ಲ, ಮಕ್ಕಳ ಫೀಸು. ಬೆಳಿಗ್ಗೆ ಆರಕ್ಕೆ ನೈಟ್ ಮುಗಿಸಿ ಬಂದವನಿಗೆ ಏಳರ ಪೂಜೆಗೆ ಬಾ ಎನ್ನುವ ಚರ್ಚು, ಅವನ ಪಾಳಿಯ ಬಗ್ಗೆ ಕಂಪನಿಯ ಜತೆ ಒಂದು ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ತಪಸ್ಸುಕಾಲದ ಉಪವಾಸವೂ ಅಷ್ಟೇ. ಚರ್ಚಿನ ಕಾನೂನಿನಂತೆ ಅದು 18 ತುಂಬಿದವರಿಗೆ, 59 ತುಂಬುವ ತನಕ. ಕಾಯಿಲೆಯವರಿಗೆ ವಿನಾಯಿತಿ ಇದೆ. ಆದರೂ ಸಕ್ಕರೆ ಕಾಯಿಲೆಯ ಬಾಯಮ್ಮಂದಿರು ಗುಳಿಗೆ ನುಂಗಿ ಹಸಿದು ಕೂರುತ್ತಾರೆ. ಅದು ಬೇಡವೆಂದು ಪ್ರವಚನಪೀಠದಿಂದಲೇ ಹೇಳಿದರೆ ಪುಣ್ಯ ಬರುತ್ತದೆ.

ಆದ್ದರಿಂದ ನನ್ನ ತೀರ್ಪು ಇಷ್ಟು. ಧ್ಯಾನಕೂಟ ಬೇಕು, ಈಗಿನ ತ್ರಿಕೋನ ಬೇಡ. ಕೂಟದ ಮೊದಲ ದಿನ ಜನರನ್ನು ಮಲಗಲು ಬಿಡಿ. ವೇದಿಕೆಯ ಮೇಲೆ ಒಬ್ಬ ಮನೋವೈದ್ಯರನ್ನು ಕೂರಿಸಿ, ಮುಲ್ಲರ್ ಆಸ್ಪತ್ರೆಯಲ್ಲೇ ಮನೋರೋಗ ವಿಭಾಗವಿದೆ. ಮಾತ್ರೆ ತಿನ್ನುತ್ತಲೇ ಪ್ರಾರ್ಥಿಸುವವರಿಗೂ ಸಾಕ್ಷಿ ಹೇಳಲು ಮೈಕ್ ಕೊಡಿ. ಪಾಳಿ ಮುಗಿಸಿ ನಿದ್ದೆ ತೆಗೆದು ಬರುವವರಿಗೆಂದು ಭಾನುವಾರ ಸಂಜೆ ಒಂದು ಪೂಜೆ ಇಡಿ. ಕರಪತ್ರದ ಕೊನೆಯಲ್ಲಿ ಪ್ರಾರ್ಥನೆ ಕೋರಲು ಕೊಡುವ ಫೋನ್ ನಂಬರಿನ ಪಕ್ಕದಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅನ್ನೂ ಅಚ್ಚು ಹಾಕಿಸಿ. ಅದು ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ, ರಾತ್ರಿ ಪಾಳಿಯ ಹೊತ್ತಿನಲ್ಲೂ ಎತ್ತುತ್ತಾರೆ.