ಕಮಂಡಲುವಿನ ಎರಡು ಬಾಯಿಗಳು: ತೆರಿಗೆಯ ವಿರೋಧವೂ ಸೋಮದೇವಸೂರಿಯ ‘ನೀತಿವಾಕ್ಯಾಮೃತ’ವೂ

ಜೈನಾಚಾರ್ಯರ ಕೃತಿಗಳಲ್ಲಿ ಮೋಕ್ಷಮಾರ್ಗವನ್ನು ಬೋಧಿಸುವ ಗ್ರಂಥಗಳೇ ಅಧಿಕ. ರಾಜ್ಯ, ಬೊಕ್ಕಸ, ಸುಂಕ, ಸೈನ್ಯ ಮೊದಲಾದ ಲೌಕಿಕ ವಿಷಯಗಳನ್ನೇ ಪ್ರಧಾನವಾಗಿ ಎತ್ತಿಕೊಂಡ ಗ್ರಂಥಗಳು ವಿರಳ. ಆ ವಿರಳ ಗ್ರಂಥಗಳಲ್ಲಿ ಹತ್ತನೆಯ ಶತಮಾನದ ಸೋಮದೇವಸೂರಿಯ ‘ನೀತಿವಾಕ್ಯಾಮೃತ’ ಅಗ್ರಗಣ್ಯವಾದುದು. ಸೋಮದೇವನು ‘ಯಶಸ್ತಿಲಕ’ವನ್ನು ಮುಗಿಸಿದ್ದು ಕ್ರಿ.ಶ. 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯ ವಂಶವೇ ಸೋಮದೇವನಿಗೂ ಆಶ್ರಯವಿತ್ತಿತು. ‘ನೀತಿವಾಕ್ಯಾಮೃತ’ವು ಧರ್ಮ, ಅರ್ಥ, ಕಾಮಗಳೆಂಬ ಫಲವನ್ನೀಯುವ ರಾಜ್ಯಕ್ಕೇ ನಮಸ್ಕಾರ ಸಲ್ಲಿಸಿ ಆರಂಭವಾಗುತ್ತದೆ. ಸರ್ವಸಂಗಪರಿತ್ಯಾಗಿಯಾದ ಮುನಿಯೊಬ್ಬನು ರಾಜ್ಯಕ್ಕೆ ತಲೆಬಾಗಿದುದು ಮೊದಲ ನೋಟಕ್ಕೆ ಆಶ್ಚರ್ಯವೆನಿಸಬಹುದು. ಆದರೆ ಈ ನಮಸ್ಕಾರ ದಾಸ್ಯದ್ದಲ್ಲ. ರಾಜ್ಯವು ಫಲ ಕೊಟ್ಟರೆ ಮಾತ್ರ ವಂದನೀಯವೆಂಬ ಷರತ್ತು ಅದರಲ್ಲೇ ಅಡಗಿದೆ.

ತೆರಿಗೆ ಏರಿದಾಗಲೆಲ್ಲ ಪ್ರತಿಭಟನೆ ಏಳುವುದು, ಸರ್ಕಾರದ ವೆಚ್ಚವನ್ನು ಕುರಿತು ವಾದವಿವಾದ ನಡೆಯುವುದು ಇಂದು ಸಾಮಾನ್ಯ ಸಂಗತಿ. ಹಾನಗಲ್ಲಿನ ಭತ್ತ ಮತ್ತು ಮಾವಿನ ವ್ಯಾಪಾರದಿಂದ ಸವಣೂರಿನ ವೀಳ್ಯದೆಲೆಯ ವ್ಯಾಪಾರದವರೆಗೆ, ಶಿಗ್ಗಾಂವಿಯ ಅಂಗಡಿಯಿಂದ ಹಿರೇಕೆರೂರಿನ ಹೊಲದವರೆಗೆ ಈ ವಾದ ತಲುಪದ ತಾಣವಿಲ್ಲ. ಅದರಲ್ಲಿ ಶ್ರಾವಕರು ಯಾವ ಮಾನದಂಡವನ್ನು ಹಿಡಿದು ಮಾತನಾಡಬೇಕು? ಈ ಪ್ರಶ್ನೆಯ ಬೆಳಕಿನಲ್ಲಿ ಸೋಮದೇವನ ಕೃತಿಯನ್ನು ಪರಾಮರ್ಶಿಸುವುದು ಉಚಿತ. ಈ ಸೀಮೆಯೂ ಆ ಪರಂಪರೆಗೆ ಅಪರಿಚಿತವಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ, ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕ 820ರಲ್ಲಿ ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಪೂಜೆ ಸಂದಿತು. ಅದೇ ಬಂಕಾಪುರದಲ್ಲಿ ಗಂಗ ದೊರೆ ಮಾರಸಿಂಹನು 974ರಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನು. ರಾಜ್ಯವನ್ನು ಆಳುವುದು, ಅದನ್ನು ತೊರೆಯುವುದು ಎರಡನ್ನೂ ಈ ನೆಲ ಕಂಡಿದೆ.

ಬೊಕ್ಕಸಕ್ಕೆ ಹಾಕಿದ ಮಿತಿ

ಸೋಮದೇವನ ಅರ್ಥನೀತಿ ದೀರ್ಘ ಚರ್ಚೆಯ ರೂಪದಲ್ಲಿಲ್ಲ. ಅದು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಮನೆಮಂದಿಗೆಲ್ಲ ತಿಳಿಯುವ ಉಪಮೆಗಳಲ್ಲಿ ಬರುತ್ತದೆ. ಆದಾಯ ಮತ್ತು ವೆಚ್ಚ ಹೇಗಿರಬೇಕೆಂಬುದಕ್ಕೆ ಆತನು ತೋರಿಸುವುದು ಮುನಿಯ ಕೈಯಲ್ಲಿರುವ ಕಮಂಡಲುವನ್ನು. ನೀರು ತುಂಬುವ ಬಾಯಿ ಅಗಲ, ನೀರು ಹೊರಬರುವ ನಾಳ ಕಿರಿದು. ಆದಾಯವನ್ನು ನೋಡದೆ ವೆಚ್ಚ ಮಾಡಿದರೆ ಕುಬೇರನೂ ಶ್ರಮಣನಂತೆ ಬರಿಗೈಯಾಗಬೇಕಾದೀತೆಂಬ ಎಚ್ಚರಿಕೆಯೂ ಅಲ್ಲಿದೆ. ಇಲ್ಲಿನ ವಿನೋದ ಮಾರ್ಮಿಕವಾದುದು. ಮುನಿಗೆ ಭೂಷಣವಾದ ಅಪರಿಗ್ರಹವು ರಾಜನಿಗೆ ಅವಿವೇಕದ ಫಲವಾಗಿ ಬಂದರೆ ಅದು ತಪಸ್ಸಲ್ಲ, ದಾರಿದ್ರ್ಯ.

ಆದರೆ ತುಂಬುವ ಬಾಯಿ ಅಗಲವಾಗಿರಬೇಕೆಂದ ಮಾತ್ರಕ್ಕೆ ಪ್ರಜೆಗಳಿಂದ ಎಷ್ಟನ್ನಾದರೂ ಹಿಂಡಬಹುದೆಂದು ಸೋಮದೇವನು ಒಪ್ಪುವುದಿಲ್ಲ. ತೆನೆಯಲ್ಲಿ ಇನ್ನೂ ಹಾಲು ತುಂಬುತ್ತಿರುವಾಗಲೇ ಕಂದಾಯ ವಸೂಲಿಗೆ ನಿಂತರೆ ನಾಡು ಬರಿದಾಗುತ್ತದೆ ಎನ್ನುತ್ತಾನೆ. ಸುಂಕವನ್ನು ಏರಿಸಿದರೆ, ಸರಕನ್ನು ಬಲವಂತವಾಗಿ ಕಸಿದುಕೊಂಡರೆ ಪರದೇಶದ ಸರಕು ಆ ಕಡೆ ಮುಖ ಮಾಡದು. ಮರದ ಪಾತ್ರೆಯನ್ನು ಒಲೆಯ ಮೇಲಿಟ್ಟರೆ ಅಡುಗೆ ಒಂದೇ ಸಲ. ಇವುಗಳಲ್ಲಿ ದಯೆಯ ಉಪದೇಶಕ್ಕಿಂತ ವ್ಯವಹಾರಜ್ಞಾನವೇ ಹೆಚ್ಚು. ಕಂದಾಯದ ಪ್ರಮಾಣವೊಂದನ್ನೇ ಅಲ್ಲ, ಅದನ್ನು ಕೇಳುವ ಕಾಲವನ್ನೂ ಪ್ರಶ್ನಿಸಿದುದು ಸೋಮದೇವನ ವಿಶೇಷ. ಹತ್ತರಲ್ಲಿ ಒಂದು ಭಾಗ ಸುಗ್ಗಿಯಲ್ಲಿ ಹಗುರ, ಬರದಲ್ಲಿ ಭಾರ.

ಈ ಮಾತುಗಳನ್ನು ಓದಿದ ವರ್ತಕರಿಗೆ ಸಂತೋಷವಾಗುವುದು ಸಹಜ. ಆದರೆ ಪುಟ ಅಲ್ಲಿಗೇ ಮುಗಿಯುವುದಿಲ್ಲ. ಸುಂಕದ ಏರಿಕೆಯನ್ನು ಖಂಡಿಸಿದ ಅದೇ ಪ್ರಕರಣದಲ್ಲಿ, ಆ ಮಾತಿನ ಬೆನ್ನಿಗೇ, ತೂಕ ಮತ್ತು ಅಳತೆಗಳು ನೆಟ್ಟಗಿರದಿದ್ದರೆ ವ್ಯವಹಾರವೇ ಕೆಡುತ್ತದೆಂದೂ, ವರ್ತಕರು ತಾವೇ ಕೂಡಿ ಬೆಲೆ ಕಟ್ಟಿದರೆ ಊರಿನವರೂ ಪರಸ್ಥಳದವರೂ ಪೀಡಿತರಾಗುತ್ತಾರೆಂದೂ ಸೋಮದೇವನು ಹೇಳುತ್ತಾನೆ. ರಾಜನಿಗೆ ಹೇಳಿದ ನೀತಿಯನ್ನು ಎತ್ತಿ ಹಿಡಿದು, ತಮಗೆ ಹೇಳಿದುದನ್ನು ಮಡಚಿಡುವವರು ಈ ಗ್ರಂಥವನ್ನು ಅರ್ಧ ಮಾತ್ರ ಓದಿದವರು.

ಗ್ರಂಥದ ಕೊರತೆ

‘ನೀತಿವಾಕ್ಯಾಮೃತ’ದ ದೊಡ್ಡ ಕೊರತೆಯೆಂದರೆ ಅದು ರಾಜನ ಕಿವಿಗಾಗಿ ಬರೆದ ಕೃತಿಯಾಗಿರುವುದು. ಅಧಿಕಾರಿಗಳನ್ನು ನಿತ್ಯವೂ ಪರೀಕ್ಷಿಸಬೇಕು, ಸ್ಥಾನ ಬದಲಿಸುತ್ತಿರಬೇಕು ಎಂಬ ಉಪಾಯಗಳು ಅಲ್ಲಿವೆ. ಆದರೆ ಪರೀಕ್ಷಿಸುವವನು ಪ್ರಭು ಮಾತ್ರ. ಪ್ರಜೆಗಳು ದುಃಖಿಸಬಹುದು, ಊರು ಬಿಟ್ಟು ಹೋಗಬಹುದು. “ನಮ್ಮಿಂದ ಪಡೆದುದನ್ನು ಏನು ಮಾಡಿದಿರಿ?” ಎಂದು ಕೇಳುವ ಸ್ಥಾನವನ್ನು ಆ ಗ್ರಂಥ ಅವರಿಗೆ ಕಲ್ಪಿಸಿಲ್ಲ. ರಾಜರ ಯುಗದ ಕೃತಿಯಿಂದ ಪ್ರಜಾಸತ್ತೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ, ನಿಜ. ಆದರೂ ಇಂದು ಅದನ್ನು ಮಾನದಂಡವಾಗಿ ಬಳಸುವವರು ಈ ಮಿತಿಯನ್ನು ಅರಿತಿರಬೇಕು.

ಗ್ರಂಥವು ಬಿಟ್ಟ ಈ ಸ್ಥಾನವನ್ನು ತುಂಬಿದವರು ರೈತರು. 1830-31ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯದ ಭಾರವನ್ನು ವಿರೋಧಿಸಿದರು. ಆ ಬಂಡಾಯದ ಬೆನ್ನಿಗೇ, 1831ರಲ್ಲಿ, ಮೈಸೂರಿನ ಆಡಳಿತ ಕಂಪನಿಯ ವಶವಾಯಿತು. ನೂರು ವರ್ಷಗಳ ನಂತರ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹಿರೇಕೆರೂರು ತಾಲ್ಲೂಕು, ಉತ್ತರ ಕನ್ನಡದ ಅಂಕೋಲೆ ಮತ್ತು ಸಿದ್ದಾಪುರಗಳೊಡನೆ ಕಾನೂನುಭಂಗ ಚಳವಳಿಯ ಕಾಲದ ಕರನಿರಾಕರಣೆಯಲ್ಲಿ ಹೆಸರು ಪಡೆಯಿತು. ಅದಕ್ಕೆ ಮೊದಲು, 1928ರಲ್ಲಿ, ಅದೇ ಪ್ರಾಂತದ ಬಾರ್ಡೋಲಿಯ ರೈತರು ಶೇಕಡ 22ರ ಕಂದಾಯ ಏರಿಕೆಯನ್ನು ವಿರೋಧಿಸಿ ನಿಷ್ಪಕ್ಷಪಾತವಾದ ತನಿಖೆಯನ್ನು ಕೇಳಿದ್ದರು. ತನಿಖೆ ನಡೆದ ಮೇಲೆ ಆ ಏರಿಕೆ ಶೇಕಡ 6ರ ಆಸುಪಾಸಿಗೆ ಇಳಿಯಿತು. ಬಾರ್ಡೋಲಿಯ ಬೇಡಿಕೆ ಕೊಡುವುದೇ ಇಲ್ಲವೆಂಬುದಾಗಿರಲಿಲ್ಲ. ಲೆಕ್ಕ ತೋರಿಸಿ, ಅನಂತರ ಪಡೆಯಿರಿ ಎಂಬುದಾಗಿತ್ತು.

ಇಂತಹ ನಿರಾಕರಣೆಗೆ ನೈತಿಕ ಬಲ ಬಂದುದು ಎಲ್ಲಿಂದ? ಅದು ಬಹಿರಂಗವಾಗಿ ನಡೆಯಿತು. ಜಪ್ತಿ, ಹರಾಜು, ಸೆರೆಮನೆ ಎದುರಿಗಿದ್ದವೆಂದು ತಿಳಿದೇ ಜನ ಮುಂದೆ ಬಂದರು. ಮುಟ್ಟುಗೋಲಾದ ಭೂಮಿಯನ್ನು ಹಿಂದಿರುಗಿಸುವ ಕ್ರಮ ನಡೆದುದು 1937ರಲ್ಲಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ರಚನೆಯಾದ ಅನಂತರವೇ. ನಿರಾಕರಣೆಯಿಂದ ಅವರಿಗೆ ಲಾಭವಾಗಲಿಲ್ಲ, ಕಷ್ಟವಾಯಿತು. ಕರನಿರಾಕರಣೆಯನ್ನೂ ಕರವಂಚನೆಯನ್ನೂ ಬೇರ್ಪಡಿಸುವ ಗೆರೆ ಇಲ್ಲಿಯೇ ಇದೆ. ನಿರಾಕರಿಸುವವನು ತನ್ನ ಹೆಸರನ್ನು ಹೇಳಿ ಕಷ್ಟವನ್ನು ತಾನು ಹೊರುತ್ತಾನೆ. ವಂಚಿಸುವವನು ಹೆಸರನ್ನು ಮರೆಸಿ ಭಾರವನ್ನು ನೆರೆಯವನ ಹೆಗಲಿಗೆ ಸರಿಸುತ್ತಾನೆ.

ವಿರೋಧಕ್ಕೆ ಇನ್ನೊಂದು ಗೆರೆಯೂ ಉಂಟು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ನಡೆದುದು ಅದನ್ನು ನೆನಪಿಸುತ್ತದೆ. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧ ರೈತರ ವಾದ ಬಲವಾಗಿತ್ತು. ನೀರಿನ ಪ್ರಯೋಜನ ಕೈಸೇರುವ ಮೊದಲೇ ಕರ ಕೇಳುವುದೆಂದರೆ ಸೋಮದೇವನು ಖಂಡಿಸಿದ ಹಾಲುದೆನೆಯ ವಸೂಲಿಯೇ. ಆದರೆ ಅಂದು ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು, ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ತೆತ್ತರು. ನಾಡಿನ ರೈತ ಚಳವಳಿಗೆ ಆ ದಿನವೇ ನಾಂದಿಯಾಯಿತೆಂಬುದು ಸತ್ಯ. ನ್ಯಾಯವಾದ ಬೇಡಿಕೆಯೂ ಹಿಂಸೆಯ ಸ್ಪರ್ಶದಿಂದ ಕಳಂಕಿತವಾಗುತ್ತದೆಂಬುದೂ ಅಷ್ಟೇ ಸತ್ಯ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಒಂದನ್ನು ಹೇಳಿ ಇನ್ನೊಂದನ್ನು ಮರೆಯಲಾಗದು.

ಇಂದಿನ ವಾದ

2024ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿತು. ಡೀಸೆಲ್ ಮೇಲಿನ ತೆರಿಗೆ ಶೇಕಡ 18.4ರಷ್ಟಕ್ಕೆ ಏರಿ, 2025ರ ಏಪ್ರಿಲ್‌ನಲ್ಲಿ ಮತ್ತೆ 21.17 ಆಯಿತು. ಎರಡು ಸಲವೂ ಪ್ರತಿಭಟನೆಗಳಾದವು. 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿ ಯೋಜನೆಗಳಿಗೆ ಸುಮಾರು 51 ಸಾವಿರ ಕೋಟಿ. ರಾಜಸ್ವ ಕೊರತೆಯ ಅಂದಾಜು 19,262 ಕೋಟಿ. ನಾಳ ಬಾಯಿಗಿಂತ ಅಗಲವಾಯಿತೆಂದು ವಿರೋಧಿಗಳ ಆಕ್ಷೇಪ. ಆ ನೀರು ಬಡವರ ಮನೆಯ ಹರಿವಾಣಕ್ಕೇ ಬೀಳುತ್ತಿದೆಯೆಂದು ಸಮರ್ಥಕರ ಉತ್ತರ.

ಕಮಂಡಲುವಿನ ಉಪಮೆ ಈ ವಾದವನ್ನು ಪೂರ್ತಿಯಾಗಿ ತೀರಿಸದು. ನಾಳ ಕಿರಿದಾಗಿರಬೇಕೆಂಬುದು ನಾಳವನ್ನೇ ಮುಚ್ಚಬೇಕೆಂಬುದಲ್ಲ. ನೀರು ಹೊರಬಾರದ ಕಮಂಡಲುವಿನಿಂದ ಮುನಿಗೂ ಉಪಯೋಗವಿಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ಗೃಹಸ್ಥನ ಕರ್ತವ್ಯವೆಂದ ಧರ್ಮವು ಹಸಿದವರಿಗೆ ಅಕ್ಕಿ ಕೊಡುವ ವೆಚ್ಚವನ್ನು ದುಂದೆಂದು ಕರೆಯಲಾರದು. ಆದರೆ ಗೃಹಸ್ಥನ ದಾನ ತನ್ನ ನ್ಯಾಯಾರ್ಜಿತ ದ್ರವ್ಯದಿಂದ ಆಗಬೇಕು. ಸಾಲ ತಂದು ಕೊಟ್ಟ ದಾನದ ಕೀರ್ತಿ ಕೊಟ್ಟವನಿಗೆ, ಬಡ್ಡಿಯ ಹೊರೆ ಮಕ್ಕಳಿಗೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ವೆಚ್ಚ ಹೆಚ್ಚೋ ಕಡಮೆಯೋ ಎಂಬುದೊಂದೇ ಅಲ್ಲ. ಯಾರಿಂದ ಬಂತು, ಯಾರಿಗೆ ಹೋಯಿತು, ನಡುವೆ ಎಷ್ಟು ಸೋರಿತು ಎಂಬುದು ಮುಖ್ಯ. ಆ ಪ್ರಶ್ನೆ ಅಕ್ಕಿಗೂ ಅನ್ವಯಿಸಬೇಕು, ಸೇತುವೆಯ ಗುತ್ತಿಗೆಗೂ ಅನ್ವಯಿಸಬೇಕು.

2025ರ ಜುಲೈನಲ್ಲಿ ಈ ವಾದ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಬಂತು. ಯುಪಿಐ ಮೂಲಕ ನಡೆದ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಹಾವೇರಿ ಜಿಲ್ಲೆಯ ತರಕಾರಿ ಮಾರಾಟಕ್ಕೂ ಅದು ತಟ್ಟಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಹಲವು ವರ್ಷ ಸುಮ್ಮನಿದ್ದು ಒಂದೇ ಸಲ ದೊಡ್ಡ ಮೊತ್ತ ಕೇಳಿದ ಕ್ರಮ ಮರದ ಪಾತ್ರೆಯ ಅಡುಗೆಯನ್ನೇ ಹೋಲುತ್ತಿತ್ತು. ವ್ಯಾಪಾರಿಗಳು ಬಹಿರಂಗವಾಗಿ ಪ್ರತಿಭಟಿಸಿದರು. ಹಳೆಯ ಬಾಕಿಯನ್ನು ಕೇಳುವುದಿಲ್ಲ, ಮುಂದೆ ನೋಂದಣಿಯಾಗಬೇಕು ಎಂದು ಸರ್ಕಾರ ಆಶ್ವಾಸನೆ ನೀಡಿತು. ಇಲ್ಲಿಯವರೆಗೆ ಪ್ರಜೆಗಳ ಪಕ್ಷ ನ್ಯಾಯದ್ದು. ಆದರೆ ಅದೇ ದಿನಗಳಲ್ಲಿ ಎಷ್ಟೋ ಅಂಗಡಿಗಳು ಯುಪಿಐ ಫಲಕವನ್ನು ತೆಗೆದು “ನಗದು ಮಾತ್ರ” ಎಂಬ ಬರಹವನ್ನು ತೂಗುಹಾಕಿದವು. ಸರಕಿನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಯ ಮಿತಿಗಿಂತ ಕೆಳಗಿದ್ದು ಕಿರುಕುಳಕ್ಕೆ ಹೆದರಿದವನ ಫಲಕ ಬೇರೆ, ಮಿತಿಯನ್ನು ಮೀರಿ ಮರೆಮಾಚುವವನ ಫಲಕ ಬೇರೆ. ಎರಡೂ ನೋಡಲು ಒಂದೇ. ಒಳಗಿನದನ್ನು ಬಲ್ಲವನು ಅಂಗಡಿಯವನೊಬ್ಬನೇ.

ಅವನಿಗಾಗಿಯೇ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ತತ್ತ್ವಾರ್ಥಸೂತ್ರ’ವು ವಿರುದ್ಧರಾಜ್ಯಾತಿಕ್ರಮವನ್ನು ಎಣಿಸಿದೆ. ಉಚಿತ ನ್ಯಾಯವನ್ನು ಬಿಟ್ಟು ಬೇರೆ ದಾರಿಯಲ್ಲಿ ನಡೆಸುವ ಕೊಡುಕೊಳ್ಳುವಿಕೆಯೇ ಅತಿಕ್ರಮವೆಂದು ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ವಿವರಿಸುತ್ತದೆ. ಕಳ್ಳ ತೂಕ, ಕಲಬೆರಕೆ, ಕಳವಿನ ಸರಕು ಇವುಗಳ ಸಾಲಿನಲ್ಲೇ ಅದರ ಸ್ಥಾನ. ಸರ್ಕಾರ ದುಂದುಗಾರನೆಂಬ ಕಾರಣಕ್ಕೆ ಈ ಅತಿಚಾರ ಗುಣವಾಗಿ ಮಾರ್ಪಡದು. ನೆರೆಯವನು ನೀರನ್ನು ಪೋಲು ಮಾಡುತ್ತಾನೆಂದು ತಾನು ಕೆರೆಯ ತೂಬನ್ನು ಒಡೆಯುವುದು ನ್ಯಾಯವೆ?

ಟ್ರಸ್ಟುಗಳ ಪಾಲು

ಬಸದಿಗಳ ಮತ್ತು ಟ್ರಸ್ಟುಗಳ ಕಾರ್ಯಕರ್ತರಿಗೂ ಇದರಲ್ಲಿ ಪಾಲುಂಟು. 966ರ ಪರಭಣಿ ತಾಮ್ರಶಾಸನದ ಪ್ರಕಾರ, ಅರಿಕೇಸರಿಯು ಶುಭಧಾಮ ಜಿನಾಲಯಕ್ಕಾಗಿ ಸೋಮದೇವನಿಗೇ ಒಂದು ಗ್ರಾಮವನ್ನು ದತ್ತಿಯಾಗಿ ಕೊಟ್ಟನು. ಬೊಕ್ಕಸದ ನೀತಿಯನ್ನು ಬರೆದ ಆಚಾರ್ಯನೇ ಬೊಕ್ಕಸಕ್ಕೆ ಸೇರಬೇಕಾದ ಹುಟ್ಟುವಳಿಯ ಧರ್ಮದರ್ಶಿಯೂ ಆದನು. ಕನ್ನಡ ನಾಡಿನ ದೇಗುಲಗಳಿಗೂ ಬಸದಿಗಳಿಗೂ ಸುಂಕವನ್ನು ಬಿಟ್ಟುಕೊಟ್ಟ ಶಾಸನಗಳು ಅನೇಕ. ಇಂದು ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳಿಗೆ ದೊರೆಯುವ ಆದಾಯ ತೆರಿಗೆಯ ವಿನಾಯಿತಿ ಅದರ ಮುಂದುವರಿಕೆಯೇ. ಬಿಟ್ಟುಕೊಟ್ಟ ತೆರಿಗೆಯೂ ಸಾರ್ವಜನಿಕ ಹಣವೇ ಎಂಬುದನ್ನು ಮರೆಯಲಾಗದು. ಸರ್ಕಾರದ ವೆಚ್ಚವನ್ನು ವಾರ್ಷಿಕ ಸಭೆಯಲ್ಲಿ ಟೀಕಿಸುವ ಟ್ರಸ್ಟು, ಪಂಚಕಲ್ಯಾಣದ ಜಮಾಖರ್ಚನ್ನು ಬಸದಿಯ ಗೋಡೆಗೆ ಅಂಟಿಸಲು ಹಿಂಜರಿದರೆ ಅದರ ಟೀಕೆಗೆ ತೂಕವಿರದು.

ಸೋಮದೇವನ ಕೃತಿ ರಾಜನಿಗೆ ಮಿತಿಯನ್ನು ಕಲಿಸಿತು. ಹಿರೇಕೆರೂರಿನ ಹೊಲಗಳು ಪ್ರಜೆಗೆ ಧ್ವನಿಯನ್ನು ಕೊಟ್ಟವು. ಅಣುವ್ರತವು ಆ ಧ್ವನಿಗೆ ಶುಚಿಯನ್ನು ಕೇಳುತ್ತದೆ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ತೆರಿಗೆಯ ವಿರೋಧ ಸ್ವಾರ್ಥದ ಕೂಗಾಗುತ್ತದೆ. ಲೆಕ್ಕ ಕೇಳುವುದು ಶ್ರಾವಕನ ಹಕ್ಕು, ಲೆಕ್ಕ ಒಪ್ಪಿಸುವುದು ಅವನ ವ್ರತ. ಬೊಕ್ಕಸದ ಖಾತೆಯನ್ನು ತೆರೆಯಿರೆಂದು ಹೇಳುವವನ ಮನೆಯ ಖಾತೆ ಮೊದಲು ತೆರೆದಿರಲಿ.