ಮೂರನೆಯವರ ವೋಟಿನ ಲೆಕ್ಕ

2009ರ ಲೋಕಸಭಾ ಚುನಾವಣೆ. ಈಶಾನ್ಯ ಮುಂಬೈಯ ಎಣಿಕೆ ಮುಗಿದಾಗ ಎನ್‌ಸಿಪಿಯ ಸಂಜಯ್ ದೀನಾ ಪಾಟೀಲ್, ಬಿಜೆಪಿಯ ಕಿರೀಟ್ ಸೋಮಯ್ಯ ಅವರಿಗಿಂತ 2,933 ಮತ ಮುಂದಿದ್ದರು. ರಾಜ್ ಠಾಕ್ರೆಯವರ ಪಕ್ಷ ಎಂಎನ್‌ಎಸ್‌ನ ಶಿಶಿರ್ ಶಿಂದೆಗೆ ಬಿದ್ದದ್ದು 1,95,148 ಮತ. ನಗರದ ಆರೂ ಸ್ಥಾನಗಳು ಕಾಂಗ್ರೆಸ್–ಎನ್‌ಸಿಪಿ ಪಾಲಾದವು. ರಾಜ್ ಠಾಕ್ರೆ ನಮ್ಮ ಮತ ತಿಂದರು ಎಂದು ಸೋತವರು ಗೋಳಾಡಿದರು. ಗೆಲ್ಲುವವರಿಗೇ ಹಾಕಿ, ಮೂರನೆಯವರಿಗೆ ಹಾಕಿದರೆ ವೋಟು ದಂಡ ಎನ್ನುವ ಉಪದೇಶಕ್ಕೆ ಮುಂಬೈಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಆದರೆ ಈ ಸಾಕ್ಷಿ ಬಹಳ ದಿನ ಬಾಳಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ವಿಧಾನಸಭಾ ಚುನಾವಣೆ ಬಂತು. ಆ ಲೋಕಸಭಾ ಕ್ಷೇತ್ರದೊಳಗಿನ ಆರು ವಿಧಾನಸಭಾ ಸ್ಥಾನಗಳಲ್ಲಿ ಭಾಂಡುಪ್ ಪಶ್ಚಿಮ, ವಿಕ್ರೋಲಿ, ಘಾಟ್ಕೋಪರ್ ಪಶ್ಚಿಮ ಈ ಮೂರನ್ನು ಎಂಎನ್‌ಎಸ್ ಗೆದ್ದಿತು. ಭಾಂಡುಪ್‌ನಲ್ಲಿ ಗೆದ್ದವರು ಅದೇ ಶಿಶಿರ್ ಶಿಂದೆ. ಮೇ ತಿಂಗಳಲ್ಲಿ ಸಂಸದರನ್ನು ಗೆಲ್ಲಿಸಿಕೊಂಡಿದ್ದ ಮೈತ್ರಿಗೆ ಅಲ್ಲಿ ಒಂದೂ ಸ್ಥಾನ ದಕ್ಕಲಿಲ್ಲ. ಮೇ ತಿಂಗಳಲ್ಲಿ ದಂಡ ಎನಿಸಿಕೊಂಡ ವೋಟು, ಅಕ್ಟೋಬರಿನ ಗೆಲುವಿಗೆ ಕಟ್ಟಿದ ಮುಂಗಡವಾಗಿತ್ತು. (ಮೂರನೆಯವರೆಂದ ಮಾತ್ರಕ್ಕೆ ಸಜ್ಜನರೇನಲ್ಲ. ಹಿಂದಿನ ವರ್ಷ ಉತ್ತರ ಭಾರತದ ಟ್ಯಾಕ್ಸಿಯವರ ಮೇಲೆ ಕೈಮಾಡಿದ ಪಕ್ಷವದು. ದಕ್ಷಿಣದವರ ಮೇಲೆ ಮುಗಿಬಿದ್ದ ಅರವತ್ತರ ದಶಕದ ಶಿವಸೇನೆಯನ್ನು ಕಂಡ ಉಡುಪಿ ಹೋಟೆಲಿನವರು ಎಂಎನ್‌ಎಸ್‌ಗೆ ಬೆನ್ನು ತಿರುಗಿಸಿದ್ದರೆ ತಪ್ಪೆನ್ನಲಾರೆ.)

ಉಪದೇಶದ ದೊಡ್ಡ ದೋಷ ಬೇರೆಯೇ ಇದೆ. ಮೂರನೆಯವರಿಗೆ ಬಿದ್ದ ಮತ ನ್ಯಾಯವಾಗಿ ತನ್ನದೇ ಎಂದು ಸೋತವನು ಹಕ್ಕು ಸಾಧಿಸುತ್ತಾನೆ. 2024ರ ವಿಧಾನಸಭಾ ಚುನಾವಣೆಯ ಮಾಹಿಮ್ ಕ್ಷೇತ್ರ ಇದರ ಪೊಳ್ಳನ್ನು ಬಯಲು ಮಾಡಿತು. ಎರಡಾದ ಶಿವಸೇನೆಯ ಉದ್ಧವ್ ಬಣದ ಮಹೇಶ್ ಸಾವಂತ್, ಏಕನಾಥ ಶಿಂದೆ ಬಣದ ಸದಾ ಸರ್ವಣ್ಕರ್ ಅವರನ್ನು 1,316 ಮತಗಳಿಂದ ಸೋಲಿಸಿದರು. ಎಂಎನ್‌ಎಸ್‌ನ ಅಮಿತ್ ಠಾಕ್ರೆಗೆ 33,062. ಅಮಿತ್ ನಿಲ್ಲದಿದ್ದರೆ ಇವು ಯಾವ ಸೇನೆಗೆ ಹೋಗುತ್ತಿದ್ದವು? ಒಂದಿಷ್ಟು ಜನ ಮನೆಯಲ್ಲೇ ಉಳಿಯುತ್ತಿದ್ದರೇನೋ. ಪಕ್ಷಗಳೇ ಹೋಳಾದ ಊರಿನಲ್ಲಿ ಮತದಾರನ ಎರಡನೆಯ ಆಯ್ಕೆ ಇಂಥದೇ ಎಂದು ಅವನನ್ನು ಕೇಳದೆ ಬರೆದುಕೊಳ್ಳುವುದು ಸುಳ್ಳು ಲೆಕ್ಕ.

ಹಾಗೆಂದು ಗಣಿತವನ್ನೇ ತಳ್ಳಿಹಾಕಲು ಬರುವುದಿಲ್ಲ. ಅದೇ 2024ರ ಲೋಕಸಭಾ ಚುನಾವಣೆಯಲ್ಲಿ ವಾಯವ್ಯ ಮುಂಬೈಯಿಂದ ಶಿಂದೆ ಬಣದ ರವೀಂದ್ರ ವಾಯ್ಕರ್, ಉದ್ಧವ್ ಬಣದ ಅಮೋಲ್ ಕೀರ್ತಿಕರ್ ವಿರುದ್ಧ ಗೆದ್ದದ್ದು ಬರೀ 48 ಮತಗಳಿಂದ. ಅಲ್ಲಿ ನೋಟಾ ಒತ್ತಿದವರೇ ಸಾವಿರಾರು ಮಂದಿ. ಇಬ್ಬರಲ್ಲಿ ಒಬ್ಬರು ಬರಲೇಬಾರದು ಎಂದು ನಿಜವಾಗಿ ಅನ್ನಿಸಿದವರು ಇಂಥ ಕ್ಷೇತ್ರದಲ್ಲಿ ಮನಸ್ಸು ಕಲ್ಲು ಮಾಡಿಕೊಂಡು ದೊಡ್ಡ ಪಕ್ಷಕ್ಕೆ ಹಾಕುವುದೇ ಸರಿ. ಇಬ್ಬರೂ ಒಂದೇ ಎನ್ನಿಸಿದವರಿಗೆ ಆ ಹಂಗಿಲ್ಲ.

ಅಂತರ ದೊಡ್ಡದಿರುವಲ್ಲಿ ನಾನು ಕೇಳುವ ಪ್ರಶ್ನೆ ಬೇರೆ: ಈ ಮೂರನೆಯವರು ಚುನಾವಣೆಗೆ ಮೊದಲು ಎಲ್ಲಿದ್ದರು? 2014ರಲ್ಲಿ ದಕ್ಷಿಣ ಮುಂಬೈಯಲ್ಲಿ ಆಮ್ ಆದ್ಮಿಯಿಂದ ನಿಂತ ಬ್ಯಾಂಕರ್ ಮೀರಾ ಸನ್ಯಾಲ್ ಮಾತಿನಲ್ಲೂ ಓದಿನಲ್ಲೂ ಎದುರಾಳಿಗಳಿಗೆ ಕಡಿಮೆಯಿರಲಿಲ್ಲ. ಬಂದದ್ದು ಸುಮಾರು 40,000 ಮತ. ಶಿವಸೇನೆಯ ಅರವಿಂದ ಸಾವಂತ್ ಗೆದ್ದ ಅಂತರವೇ ಲಕ್ಷ ದಾಟಿತ್ತು. ಮೀರಾ ಅವರಿಗೆ ಹಾಕಿದವರಿಂದ ಯಾರಿಗೂ ನಷ್ಟವಾಗಲಿಲ್ಲ; ಆದರೆ ಆ ಮತಗಳನ್ನು ಮುಂದಿನ ಚುನಾವಣೆಯವರೆಗೆ ಕಾಪಾಡುವ ಸಂಘಟನೆ ಗಲ್ಲಿಗಳಲ್ಲಿ ಇರಲಿಲ್ಲ. ಅದೇ ದಕ್ಷಿಣ ಮುಂಬೈಯಲ್ಲಿ 1967ರಲ್ಲಿ, ಮುಂಬೈಯ ಪಟ್ಟವಿಲ್ಲದ ದೊರೆ ಎನಿಸಿಕೊಂಡಿದ್ದ ಕೇಂದ್ರ ಸಚಿವ ಎಸ್.ಕೆ. ಪಾಟೀಲರನ್ನು ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಸಂಯುಕ್ತ ಸಮಾಜವಾದಿ ಪಕ್ಷದಿಂದ ಸೋಲಿಸಿದ್ದರು. ಪಾಟೀಲರನ್ನು ಯಾರೂ ಅಲುಗಿಸಲಾರರು ಎಂದು ಆಗಲೂ ಎಲ್ಲರೂ ಹೇಳುತ್ತಿದ್ದರು. ಆದರೆ ಜಾರ್ಜ್ ಆ ಹೊತ್ತಿಗೆ ಟ್ಯಾಕ್ಸಿ ಚಾಲಕರ, ಪಾಲಿಕೆ ನೌಕರರ, ಹೋಟೆಲ್ ಕಾರ್ಮಿಕರ ಯೂನಿಯನ್ನುಗಳಲ್ಲಿ ವರ್ಷಗಟ್ಟಲೆ ದುಡಿದಿದ್ದರು, ಪಾಲಿಕೆಗೂ ಆರಿಸಿಬಂದಿದ್ದರು. ಊರಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಗೆ ಹೋಗುತ್ತಿದ್ದ ನಮ್ಮ ಹುಡುಗರಿಗೆ ಅವರು ಪೋಸ್ಟರಿನಲ್ಲಿ ಮಾತ್ರ ಕಂಡ ಮುಖವಾಗಿರಲಿಲ್ಲ. 1971ರಲ್ಲಿ ಅಲ್ಲೇ ಸೋತರೆನ್ನುವುದೂ ನಿಜ. ಇಂದಿರಾ ಅಲೆಯ ಮುಂದೆ ಯೂನಿಯನ್ ಸಾಲಲಿಲ್ಲ.

ಮೂರನೆಯವರ ಭಯ ದೊಡ್ಡ ಪಕ್ಷಗಳಿಗೆ ಬರೀ ಅಂಕಿಯದಲ್ಲ. 2024ರ ವಿಧಾನಸಭೆಗೆ ಬೊರಿವಲಿಯಲ್ಲಿ ಬಿಜೆಪಿ ಟಿಕೆಟ್ ಸಿಗದಾಗ, ಎರಡು ಸಲ ಸಂಸದರಾಗಿದ್ದ, ತುಳು–ಕನ್ನಡಿಗರು ನಮ್ಮವರೆನ್ನುವ ಗೋಪಾಲ ಶೆಟ್ಟಿ ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿದರು. ನಾಯಕರು ಓಲೈಸಿದ ಮೇಲೆ, ವಾಪಸು ಪಡೆಯುವ ಕೊನೆಯ ದಿನ ನವೆಂಬರ್ 4ರಂದು, ಹಿಂದೆಗೆದುಕೊಂಡರು. ಬಿಜೆಪಿಯ ಸಂಜಯ್ ಉಪಾಧ್ಯಾಯ ಅಲ್ಲಿ ಸುಮಾರು ಲಕ್ಷ ಮತಗಳ ಅಂತರದಲ್ಲಿ ಗೆದ್ದರು. ಅಷ್ಟು ಭದ್ರವಾದ ಕ್ಷೇತ್ರದಲ್ಲೂ ಮತಯಂತ್ರದ ಮೇಲೆ ಒಂದು ಹೆಸರು ಹೆಚ್ಚಾಗದಂತೆ ನೋಡಿಕೊಳ್ಳಲು ಪಕ್ಷ ಅಷ್ಟೆಲ್ಲ ಬೆವರು ಸುರಿಸಿತು.