ಚಿತ್ರದಲ್ಲಿ ಹಕ್ಕಿ ಇದೆ, ಕಡಲೆಲ್ಲಿ?

ಸಂಘದ ಕಾರ್ಯಕ್ರಮಗಳಲ್ಲಿ ನಮ್ಮ ಸದಸ್ಯರು ತೆಗೆದ ಕಡಲ ಹಕ್ಕಿಗಳ ಫೋಟೋಗಳನ್ನು ನೋಡುತ್ತ ಬಂದಿದ್ದೇವೆ. ಸ್ಪಷ್ಟತೆಗೆ ನೂರಕ್ಕೆ ನೂರು ಅಂಕ. ಆದರೆ ಹೆಚ್ಚಿನವುಗಳಲ್ಲಿ ಕೊಕ್ಕು, ಕಣ್ಣು, ರೆಕ್ಕೆ ಬಿಟ್ಟರೆ ಬೇರೇನೂ ಇಲ್ಲ. ಎಕ್ಸ್‌ರೇ ನೋಡಿ ರೋಗಿಯ ಮುಖ ನೋಡದ ವೈದ್ಯರ ಹಾಗಾಯಿತು. (ಈ ತಪ್ಪನ್ನು ನಾವೂ ಮಾಡಿದ್ದುಂಟು!)

ಝಿಕ್ರೀತ್ ಕಡೆಯ ಸುಣ್ಣಕಲ್ಲಿನ ದಿಬ್ಬಗಳು ಅಷ್ಟೇನೂ ಎತ್ತರದವಲ್ಲ. ಆದರೂ ಅಂಚಿನಲ್ಲಿ ತಾಳ್ಮೆಯಿಂದ ಕುಳಿತವರಿಗೆ ಸೊಕೊಟ್ರಾ ನೀರುಕಾಗೆಗಳು ನೀರಿಗೆ ತಾಗುವಷ್ಟು ಕೆಳಗೆ, ಉದ್ದಕ್ಕೆ ಸಾಲುಗಟ್ಟಿ ಹಾರುವುದು ಕಾಣಸಿಗುತ್ತದೆ. ಆಚೆಗಿರುವುದೇ ಹವಾರ್ ದ್ವೀಪಗಳು. 2001ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅವನ್ನು ಬಹರೇನಿಗೆ ಕೊಟ್ಟಿತು. ಈ ಹಕ್ಕಿ ಜಗತ್ತಿನಲ್ಲೇ ಅತಿ ಹೆಚ್ಚಾಗಿ ಮರಿಮಾಡುವ ತಾಣಗಳಲ್ಲಿ ಹವಾರ್ ಒಂದು. ಆ ಸಾಲೇ ಇದರ ಗುರುತು. ಒಂಟಿ ಹಕ್ಕಿಯ ಮುಖಚಿತ್ರದಲ್ಲಿ ಅದು ಹೇಗೆ ಬಂದೀತು? ತೇಜಸ್ವಿಯವರ 'ಹಕ್ಕಿ ಪುಕ್ಕ' ಮನೆಯಲ್ಲಿದ್ದವರು ತೆರೆದು ನೋಡಲಿ. ಅಲ್ಲಿ ಹಕ್ಕಿಯ ಜೊತೆಗೆ ಅದರ ಬದುಕೂ ಇದೆ.

ಗೂಡಿನ ಹತ್ತಿರ ತೆಗೆದ ಚಿತ್ರಗಳ ಬಗ್ಗೆ ಮಾತ್ರ ನಮ್ಮ ತಕರಾರು ದೊಡ್ಡದು. ನೀರುಕಾಗೆ, ರೀವಗಳು ಇಲ್ಲಿ ನೆಲದಲ್ಲೇ ಮೊಟ್ಟೆಯಿಡುತ್ತವೆ. ನಾವು ಹತ್ತಿರ ಹೋದೊಡನೆ ತಾಯಿ ಹಾರಿಬಿಡುತ್ತದೆ, ಮೊಟ್ಟೆಗೆ ಬಿಸಿಲು ಬೀಳುತ್ತದೆ, ಗಲ್ ಹಕ್ಕಿ ಅದಕ್ಕೇ ಕಾದಿರುತ್ತದೆ. ಅಂಥ ಚಿತ್ರ ಎಷ್ಟೇ ಚೆಂದವಿರಲಿ, ನಾವು ಚಪ್ಪಾಳೆ ತಟ್ಟಲಾರೆವು.

ಕಳೆದ ಸಲ ಬಾಲಕನೊಬ್ಬ ದಿಬ್ಬದ ಮೇಲಿನಿಂದ ತೆಗೆದ ಫೋಟೋ ಒಂದಿತ್ತು. ದಿಗಂತ ವಾಲಿತ್ತು, ಹಕ್ಕಿಗಳು ಇರುವೆ ಸಾಲಿನಂತಿದ್ದವು. ಬಹುಮಾನ ಬರಲಿಲ್ಲ. ನಮಗೆ ಹಿಡಿಸಿದ್ದು ಅದೇ.